ಓದು ಕಲಿತವರ ಮತ ಓದಿನ ಹೆಸರಲ್ಲೇ ಹೋಯಿತು: ವಕೀಲ ಜಾರ್ಜ್ ಹೆನ್ರಿ ವೈಟ್ ಕಂಡ ಅಮೆರಿಕ

1901ರ ಜನವರಿ 29. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ, ಅಂದರೆ ನಮ್ಮ ಲೋಕಸಭೆ ಥರದ ಸದನದಲ್ಲಿ, ಕೃಷಿ ಇಲಾಖೆಯ ಅನುದಾನದ ಮಸೂದೆ ಮೇಲೆ ಚರ್ಚೆ ನಡೀತಿತ್ತು. ನಾರ್ತ್ ಕೆರೊಲಿನಾ ರಾಜ್ಯದ ಸದಸ್ಯ ಜಾರ್ಜ್ ಹೆನ್ರಿ ವೈಟ್ ಎದ್ದು ನಿಂತರು. ಕೃಷಿ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ತಮ್ಮ ಜನರ ವಿಷಯಕ್ಕೆ ಬಂದರು. ಇಡೀ ಸಂಸತ್ತಿನಲ್ಲಿ ಆಗ ಅವರೊಬ್ಬರೇ ಕಪ್ಪು ಸದಸ್ಯ. ಅವರ ಅವಧಿ ಮುಗಿಯೋಕೆ ಇನ್ನು ಐದು ವಾರ ಬಾಕಿ.

ಇದು ಬಹುಶಃ ಅಮೆರಿಕದ ಸಂಸತ್ತಿಗೆ ಕಪ್ಪು ಜನರ ತಾತ್ಕಾಲಿಕ ವಿದಾಯ, ಆದರೆ ಬೂದಿಯಿಂದ ಏಳುವ ಫೀನಿಕ್ಸ್ ಹಕ್ಕಿಯ ಹಾಗೆ ಅವರು ಒಂದು ದಿನ ಮತ್ತೆ ಬರ್ತಾರೆ ಅಂತ ವೈಟ್ ಹೇಳಿದರು.

'ತಾತ್ಕಾಲಿಕ' ಅಂದರೆ ಎಷ್ಟು ದಿನ? ಲೆಕ್ಕ ನೋಡಿ. ವೈಟ್ ಅವರ ನಂತರ ಇನ್ನೊಬ್ಬ ಕಪ್ಪು ಸದಸ್ಯ ಆ ಸದನಕ್ಕೆ ಬಂದದ್ದು 1929ರಲ್ಲಿ, ಅದೂ ಉತ್ತರದ ಶಿಕಾಗೋದಿಂದ. ದಕ್ಷಿಣದ ರಾಜ್ಯಗಳಿಂದ ಬರೋಕೆ 1973 ಆಗಬೇಕಾಯ್ತು. ವೈಟ್ ಅವರ ಸ್ವಂತ ರಾಜ್ಯ ನಾರ್ತ್ ಕೆರೊಲಿನಾದಿಂದ ಬರೋಕೆ 1992ರ ಕೊನೆ. ಹತ್ತಿರ ಹತ್ತಿರ ತೊಂಬತ್ತೆರಡು ವರ್ಷ.

ಈ ತೊಂಬತ್ತೆರಡು ವರ್ಷದಲ್ಲಿ ಅಮೆರಿಕದಲ್ಲಿ ಒಂದು ಚುನಾವಣೆಯೂ ತಪ್ಪಲಿಲ್ಲ. ಕೋರ್ಟುಗಳು ನಡೀತಿದ್ದವು, ಪತ್ರಿಕೆಗಳು ಬರ್ತಿದ್ದವು. ಬಣ್ಣದ ಕಾರಣಕ್ಕೆ ಯಾರ ಮತವನ್ನೂ ಕಸಿಯಬಾರದು ಅಂತ 1870ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದ 15ನೇ ತಿದ್ದುಪಡಿಯ ಒಂದಕ್ಷರವನ್ನೂ ಯಾರೂ ಅಳಿಸಲಿಲ್ಲ. ಹಾಗಿದ್ದೂ ಲಕ್ಷಾಂತರ ಮತದಾರರು ಪಟ್ಟಿಯಿಂದ ಮಾಯವಾದರು. ಅದು ಹೇಗೆ ಸಾಧ್ಯವಾಯ್ತು? ಅದನ್ನು ಅರ್ಥ ಮಾಡಿಕೊಳ್ಳೋಕೆ ವೈಟ್ ಅವರ ಬದುಕಿಗಿಂತ ಒಳ್ಳೆಯ ದಾರಿ ನನಗೆ ಕಾಣಲ್ಲ. ಯಾಕಂದರೆ ಅವರು ವಕೀಲ, ಶಾಸಕ, ಅದಕ್ಕೂ ಮುಂಚೆ ಮೇಷ್ಟ್ರು. ಅವರ ಜನರ ಮತ ಹೋಗಿದ್ದು ಈ ಮೂರೂ ಕೆಲಸಗಳ ಹೆಸರಲ್ಲೇ: ಕಾನೂನು, ಶಾಸನಸಭೆ, ಓದು.

ಮೇಷ್ಟ್ರು, ವಕೀಲ, ಶಾಸಕ

ವೈಟ್ ಹುಟ್ಟಿದ್ದು 1852ರ ಡಿಸೆಂಬರ್‌ನಲ್ಲಿ, ನಾರ್ತ್ ಕೆರೊಲಿನಾದ ಬ್ಲೇಡನ್ ಕೌಂಟಿಯಲ್ಲಿ. ಪೈನ್ ಮರಗಳಿಂದ ಟರ್ಪೆಂಟೈನ್ ತೆಗೆದು ಬದುಕುವ ಸೀಮೆ ಅದು. ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲ. ಅಂತರ್ಯುದ್ಧ 1865ರಲ್ಲಿ ಮುಗಿದಾಗ ಅವರಿಗೆ ಹನ್ನೆರಡು ವರ್ಷ. ಗುಲಾಮಗಿರಿ ಹೋದ ಮೇಲೆ ತೆರೆದ ಶಾಲೆಗಳಲ್ಲಿ ಕಲಿತ ತಲೆಮಾರಿನವರು ಇವರು. 1877ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಊರ ಕಡೆ ಮರಳಿ, ನ್ಯೂ ಬರ್ನ್ ಪಟ್ಟಣದಲ್ಲಿ ಪಾಠ ಹೇಳುತ್ತಾ ಒಬ್ಬ ನ್ಯಾಯಾಧೀಶರ ಹತ್ತಿರ ಕಾನೂನು ಕಲಿತರು. 1879ರಲ್ಲಿ ವಕೀಲಿಕೆಗೆ ಪರವಾನಗಿ ಸಿಕ್ಕಿತು.

ಮರುವರ್ಷವೇ ರಾಜ್ಯದ ಕೆಳಮನೆಗೆ ಗೆದ್ದರು. 1881ರ ಅಧಿವೇಶನದಲ್ಲಿ ಅವರು ಒತ್ತಾಯಿಸಿದ ಮುಖ್ಯ ಸಂಗತಿ ಕಪ್ಪು ಶಿಕ್ಷಕರ ತರಬೇತಿ ಶಾಲೆಗಳು. ರಾಜ್ಯ ಅಂಥ ನಾಲ್ಕು ಶಾಲೆ ತೆರೀತು. ನ್ಯೂ ಬರ್ನ್‌ನದಕ್ಕೆ ವೈಟ್ ಅವರೇ ಮುಖ್ಯೋಪಾಧ್ಯಾಯರಾದರು. ಲೆಕ್ಕಾಚಾರ ಸರಳ. ಊರೂರಿಗೆ ಶಾಲೆ ಬೇಕು ಅಂದರೆ ಮೊದಲು ಮೇಷ್ಟ್ರುಗಳು ಬೇಕು. ಗುಲಾಮಗಿರಿಯ ಕಾಲದಲ್ಲಿ ಗುಲಾಮರಿಗೆ ಓದು ಬರಹ ಕಲಿಸೋದೇ ಆ ರಾಜ್ಯದಲ್ಲಿ ಅಪರಾಧವಾಗಿತ್ತು ಅನ್ನೋದು ನೆನಪಿದ್ದರೆ, ಈ ನಾಲ್ಕು ಶಾಲೆಗಳ ತೂಕ ಗೊತ್ತಾಗುತ್ತೆ.

ಮುಂದೆ 1884ರಲ್ಲಿ ರಾಜ್ಯದ ಸೆನೆಟ್‌ಗೆ ಗೆದ್ದರು. 1886ರಲ್ಲಿ ಆರು ಕೌಂಟಿಗಳಿದ್ದ ಎರಡನೇ ನ್ಯಾಯಿಕ ಜಿಲ್ಲೆಯ ಸರ್ಕಾರಿ ಅಭಿಯೋಜಕರಾಗಿ ಆಯ್ಕೆಯಾದರು. ಅಲ್ಲಿ ಆ ಹುದ್ದೆಗೂ ಚುನಾವಣೆ. ಒಬ್ಬ ಕಪ್ಪು ವಕೀಲ ಸರ್ಕಾರದ ಪರವಾಗಿ ನಿಂತು ಬಿಳಿಯರ ಮೇಲೂ ಮೊಕದ್ದಮೆ ನಡೆಸುವುದು! 1894ರವರೆಗೂ ಆ ಹುದ್ದೆಯಲ್ಲಿದ್ದರು.

1896ರಲ್ಲಿ ಅವರು ರಾಷ್ಟ್ರೀಯ ಸಂಸತ್ತಿಗೆ ಗೆದ್ದ ಕ್ಷೇತ್ರಕ್ಕೆ 'ಬ್ಲ್ಯಾಕ್ ಸೆಕೆಂಡ್' ಅಂತ ಅಡ್ಡಹೆಸರು. ಅಂದರೆ ಕಪ್ಪು ಜನರ ಎರಡನೇ ಕ್ಷೇತ್ರ. 1872ರಲ್ಲಿ ಡೆಮಾಕ್ರಟಿಕ್ ಪಕ್ಷದ ಶಾಸಕರೇ ಗಡಿ ಗೀಚಿ, ಕಪ್ಪು ಮತದಾರರು ಹೆಚ್ಚಿದ್ದ ಕೌಂಟಿಗಳನ್ನೆಲ್ಲ ಈ ಒಂದೇ ಕ್ಷೇತ್ರಕ್ಕೆ ತುರುಕಿದ್ದರು. ಇಲ್ಲಿ ಒಂದು ಸೀಟು ಬಿಟ್ಟುಕೊಟ್ಟರೆ ಉಳಿದ ಕಡೆ ತಾವು ಗೆಲ್ಲಬಹುದು ಅನ್ನೋ ಲೆಕ್ಕ. ಆ ಒಂದು ಸೀಟಿನಿಂದ ವೈಟ್ ಸೇರಿ ನಾಲ್ವರು ಕಪ್ಪು ಸದಸ್ಯರು ಸಂಸತ್ತಿಗೆ ಹೋದರು. ಆಮೇಲೆ ಆ ಒಂದು ಸೀಟನ್ನೂ ಉಳಿಸಬಾರದು ಅಂತ ತೀರ್ಮಾನವಾಯ್ತು.

(ಒಂದು ಮಾತು. ಇವತ್ತಿನ ಅಮೆರಿಕದ ಪಕ್ಷಗಳನ್ನು ತಲೆಯಲ್ಲಿಟ್ಟುಕೊಂಡು ಇದನ್ನು ಓದಿದರೆ ಗೊಂದಲ ಆಗುತ್ತೆ. ಆಗ ರಿಪಬ್ಲಿಕನ್ ಅಂದರೆ ಲಿಂಕನ್ ಪಕ್ಷ. ಕಪ್ಪು ಮತದಾರರು ಬಹುತೇಕ ಅದರ ಕಡೆ. ದಕ್ಷಿಣದ ಡೆಮಾಕ್ರಟಿಕ್ ಪಕ್ಷ ಬಿಳಿಯರ ಪ್ರಾಬಲ್ಯವನ್ನೇ ಬಾಯಿಬಿಟ್ಟು ಕೇಳುತ್ತಿದ್ದ ಪಕ್ಷ.)

ಬಡವರು ಒಟ್ಟಾದಾಗ ಏನಾಯ್ತು?

ವೈಟ್ ಗೆದ್ದದ್ದು ಒಂದು ವಿಚಿತ್ರ ರಾಜಕೀಯ ಗಳಿಗೆಯಲ್ಲಿ. 1890ರ ದಶಕದಲ್ಲಿ ಹತ್ತಿಯ ಬೆಲೆ ಕುಸಿದು ಬಿಳಿ ರೈತರೂ ಸಾಲದಲ್ಲಿ ಮುಳುಗಿದ್ದರು. ಅವರಲ್ಲಿ ಅನೇಕರು ಡೆಮಾಕ್ರಟಿಕ್ ಪಕ್ಷ ಬಿಟ್ಟು ಪಾಪ್ಯುಲಿಸ್ಟ್ ಎಂಬ ಹೊಸ ಪಕ್ಷಕ್ಕೆ ಹೋದರು. ನಾರ್ತ್ ಕೆರೊಲಿನಾದಲ್ಲಿ ಪಾಪ್ಯುಲಿಸ್ಟರೂ ರಿಪಬ್ಲಿಕನ್ನರೂ ಕೈಜೋಡಿಸಿದರು. ಇದಕ್ಕೆ 'ಫ್ಯೂಷನ್' ಅಂತ ಹೆಸರಾಯ್ತು. ಬಿಳಿ ಬಡ ರೈತ, ಕಪ್ಪು ಕೂಲಿ, ಇಬ್ಬರ ಮತವೂ ಒಂದೇ ಕಡೆ. 1894ರಲ್ಲಿ ಶಾಸನಸಭೆ ಅವರ ಕೈಗೆ ಬಂತು, 1896ರಲ್ಲಿ ಗವರ್ನರ್ ಹುದ್ದೆಯೂ ಬಂತು.

ಅಧಿಕಾರಕ್ಕೆ ಬಂದವರು ಮೊದಲು ಕೈ ಹಾಕಿದ ವಿಷಯಗಳಲ್ಲಿ ಚುನಾವಣಾ ಕಾನೂನೂ ಒಂದು. ಸ್ಥಳೀಯ ಆಡಳಿತಕ್ಕೆ ಜನರೇ ಆರಿಸುವ ಪದ್ಧತಿ ಮತ್ತೆ ಬಂತು. ಓದಲು ಬಾರದವರಿಗೂ ತಮ್ಮ ಪಕ್ಷದ ಮತಪತ್ರ ಗುರುತು ಸಿಗಲಿ ಅಂತ ಬಣ್ಣದ ಕಾಗದಕ್ಕೆ ಅವಕಾಶ ಕೊಟ್ಟರು. ಮತ ಹಾಕುವವರ ಸಂಖ್ಯೆ ಏರಿತು.

ಇದಕ್ಕೆ ಉತ್ತರ 1898ರಲ್ಲಿ ಬಂತು. ಡೆಮಾಕ್ರಟಿಕ್ ಪಕ್ಷದ ರಾಜ್ಯಾಧ್ಯಕ್ಷ ಫರ್ನಿಫೋಲ್ಡ್ ಸಿಮನ್ಸ್ ಮತ್ತು ರಾಲಿ ನಗರದ 'ನ್ಯೂಸ್ ಅಂಡ್ ಅಬ್ಸರ್ವರ್' ಪತ್ರಿಕೆಯ ಸಂಪಾದಕ ಜೋಸೆಫಸ್ ಡೇನಿಯಲ್ಸ್ ಸೇರಿ ಒಂದೇ ವಿಷಯದ ಪ್ರಚಾರ ನಡೆಸಿದರು: ಬಿಳಿಯರ ಪ್ರಾಬಲ್ಯ. ಮುಖಪುಟದಲ್ಲಿ ವ್ಯಂಗ್ಯಚಿತ್ರಗಳು, ಕಪ್ಪು ಗಂಡಸರಿಂದ ಬಿಳಿ ಹೆಂಗಸರಿಗೆ ಅಪಾಯ ಅನ್ನೋ ಭೀತಿಯ ಕಥೆಗಳು, ಬೀದಿಯಲ್ಲಿ ಕೆಂಪಂಗಿ ತೊಟ್ಟು ಬಂದೂಕು ಹಿಡಿದ ಕುದುರೆ ಸವಾರರು. ಆ ನವೆಂಬರ್‌ನಲ್ಲಿ ಶಾಸನಸಭೆ ಅವರ ವಶವಾಯ್ತು. ವೈಟ್ ಮಾತ್ರ ತಮ್ಮ ಕ್ಷೇತ್ರ ಉಳಿಸಿಕೊಂಡರು.

ಮತದಾನ ಮುಗಿದು ಎರಡು ದಿನಕ್ಕೆ, ನವೆಂಬರ್ 10ರಂದು, ವಿಲ್ಮಿಂಗ್ಟನ್ ನಗರದಲ್ಲಿ ಶಸ್ತ್ರ ಹಿಡಿದ ಬಿಳಿಯರ ಗುಂಪು ಕಪ್ಪು ಸಂಪಾದಕರೊಬ್ಬರ ಪತ್ರಿಕಾ ಕಚೇರಿಗೆ ಬೆಂಕಿ ಇಟ್ಟಿತು. ಜನರನ್ನು ಬೀದಿಯಲ್ಲೇ ಕೊಂದರು. ನಗರಾಡಳಿತಕ್ಕೆ ಆ ವರ್ಷ ಚುನಾವಣೆಯೇ ಇರಲಿಲ್ಲ. ಹಾಗಿದ್ದೂ ಅಧಿಕಾರದಲ್ಲಿದ್ದ ಮೇಯರ್ ಮತ್ತು ಸದಸ್ಯರಿಂದ ಬಲವಂತವಾಗಿ ರಾಜೀನಾಮೆ ಬರೆಸಿ, ದಂಗೆಯ ಮುಂದಾಳು ಆಲ್ಫ್ರೆಡ್ ವಾಡೆಲ್ ತಾನೇ ಮೇಯರ್ ಆದ. ಈತನೂ ವಕೀಲ, ಮಾಜಿ ಸಂಸದ.

ಬಂದೂಕಿನಿಂದ ಒಂದು ಚುನಾವಣೆ ಗೆಲ್ಲಬಹುದು. ಪ್ರತಿ ಎರಡು ವರ್ಷಕ್ಕೊಮ್ಮೆ ಬಂದೂಕು ಹಿಡಿದು ಬೀದಿಗೆ ಇಳಿಯೋದು ದುಬಾರಿ. ದೇಶದ ಉಳಿದ ಪತ್ರಿಕೆಗಳೂ ಸುಮ್ಮನಿರಲ್ಲ. ಶಾಶ್ವತವಾದ, ಗೌರವಸ್ಥ ಅನ್ನಿಸುವ, ಸದ್ದಿಲ್ಲದ ಉಪಾಯ ಬೇಕಿತ್ತು. ಆ ಕೆಲಸಕ್ಕೆ ಕೂತವರು ಶಾಸನಸಭೆಯಲ್ಲಿದ್ದ ವಕೀಲರು.

ಬಣ್ಣದ ಹೆಸರೇ ಇಲ್ಲದ ಕಾನೂನು

1899ರ ಶಾಸನಸಭೆ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಬರೀತು. 1900ರ ಆಗಸ್ಟ್ 2ರಂದು ಅದನ್ನು ಜನಮತಕ್ಕೆ ಇಟ್ಟು, ಹೆದರಿಕೆ ಮೋಸ ಎರಡೂ ತುಂಬಿದ್ದ ಮತದಾನದಲ್ಲಿ ಪಾಸು ಮಾಡಿಸಿಕೊಂಡರು. ಪರವಾಗಿ ಸುಮಾರು 1,82,000 ಮತ, ವಿರುದ್ಧ ಸುಮಾರು 1,28,000.

ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಈ ತಿದ್ದುಪಡಿ ಓದುವಾಗ ನನಗೆ ಕಾನೂನು ಓದಿದ ಹಾಗಲ್ಲ, ಕೋಡ್ ಓದಿದ ಹಾಗೆ ಅನ್ನಿಸ್ತು. ಮೂರು ಷರತ್ತು, ಒಂದು ವಿನಾಯಿತಿ, ಅಷ್ಟೇ. 'ಕಪ್ಪು', 'ಬಿಳಿ' ಅನ್ನೋ ಪದ ಎಲ್ಲೂ ಇಲ್ಲ.

ಒಂದು: ಮತದಾರರ ಪಟ್ಟಿಗೆ ಸೇರಬೇಕಾದವನು ಸಂವಿಧಾನದ ಯಾವುದೇ ಭಾಗವನ್ನು ಇಂಗ್ಲಿಷಿನಲ್ಲಿ ಓದಬೇಕು, ಬರೆಯಬೇಕು.

ಎರಡು: ಹಿಂದಿನ ವರ್ಷದ ತಲೆಗಂದಾಯವನ್ನು ಮತದಾನದ ವರ್ಷದ ಮೇ 1ರೊಳಗೆ ಕಟ್ಟಿರಬೇಕು.

ಮೂರು: ಓದು ಬರಹ ಬಂತೋ ಇಲ್ಲವೋ ಅಂತ ತೀರ್ಮಾನಿಸೋದು ನೋಂದಣಿ ಅಧಿಕಾರಿ.

ಇನ್ನು ವಿನಾಯಿತಿ: 1867ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಮತದ ಹಕ್ಕು ಇದ್ದವನಿಗೆ, ಅವನ ಮಕ್ಕಳು ಮೊಮ್ಮಕ್ಕಳಿಗೆ, ಓದಿನ ಪರೀಕ್ಷೆ ಬೇಡ. 1908ರ ಡಿಸೆಂಬರ್ 1ರೊಳಗೆ ಹೆಸರು ಬರೆಸಿದರೆ ಸಾಕು. ಇದನ್ನೇ 'ಗ್ರ್ಯಾಂಡ್‌ಫಾದರ್ ಕ್ಲಾಸ್' ಅಂತ ಕರೆದರು, ಅಜ್ಜನ ಷರತ್ತು ಅನ್ನೋಣ.

ಆ ತಾರೀಖು ಯಾಕೆ 1867ರ ಜನವರಿ 1? ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಗಂಡಸರಿಗೂ ಮತ ಕೊಡಬೇಕು ಅಂತ ಸಂಸತ್ತು ಕಾನೂನು ಮಾಡಿದ್ದು 1867ರ ಮಾರ್ಚ್‌ನಲ್ಲಿ. ಸರಿಯಾಗಿ ಎರಡು ತಿಂಗಳು ಹಿಂದಿನ ತಾರೀಖು! ಎಲ್ಲ ಗುಟ್ಟೂ ಆ ಒಂದು ತಾರೀಖಿನಲ್ಲಿದೆ.

ಈಗ ಈ ಕೋಡನ್ನು ಓಡಿಸಿ ನೋಡೋಣ. (ಆಗ ಹೆಂಗಸರಿಗೆ ಮತವಿರಲಿಲ್ಲ, ಹಾಗಾಗಿ ಮೂವರೂ ಗಂಡಸರು.)

ಮೊದಲನೆಯವನು ಓದು ಬಾರದ ಬಿಳಿ ರೈತ. ಪರೀಕ್ಷೆಯಲ್ಲಿ ಫೇಲು. ಆದರೆ ಅವನಪ್ಪ 1860ರಲ್ಲಿ ಮತ ಹಾಕಿದ್ದ. ವಿನಾಯಿತಿ ಸಿಕ್ಕಿತು, ಒಳಗೆ ಬಂದ.

ಎರಡನೆಯವನು ಓದು ಬಾರದ ಕಪ್ಪು ರೈತ. ಅವನೂ ಪರೀಕ್ಷೆಯಲ್ಲಿ ಫೇಲು. ಅವನಪ್ಪ ಗುಲಾಮನಾಗಿದ್ದ, ಆಮೇಲೆ 1868ರಲ್ಲಿ ಮೊದಲ ಸಲ ಮತ ಹಾಕಿದ. ತಾರೀಖು ದಾಟಿದೆ. ಹೊರಗೆ.

ಮೂರನೆಯವನು ಓದು ಬಲ್ಲ ಕಪ್ಪು ಮೇಷ್ಟ್ರು. ವೈಟ್ ಒತ್ತಾಯಿಸಿ ತೆರೆಸಿದ ಅಂಥದ್ದೇ ಶಾಲೆಯಲ್ಲಿ ಕಲಿತವನು ಅಂತಿಟ್ಟುಕೊಳ್ಳಿ. ನಿಯಮದ ಪ್ರಕಾರ ಅವನು ಪಾಸು. ಆದರೆ ಅವನ ಓದು ಕೇಳಿ ತೀರ್ಪು ಹೇಳುವ ಅಧಿಕಾರಿಯನ್ನು ಕೂರಿಸಿದವರು ಅವನನ್ನು ಹೊರಗಿಡೋಕೆ ಈ ಕಾನೂನು ಬರೆದವರೇ. ಉಚ್ಚಾರ ತಪ್ಪಾಯ್ತು, ಕಾಗುಣಿತ ತಪ್ಪಾಯ್ತು ಅಂದರೆ ಮುಗೀತು. ಅದನ್ನೂ ದಾಟಿದರೆ ರಸೀದಿ. ಚುನಾವಣೆ ನವೆಂಬರ್‌ನಲ್ಲಿ, ಕಂದಾಯದ ಗಡುವು ಮೇ ತಿಂಗಳಲ್ಲಿ. ಮೇ ಅಂದರೆ ಹತ್ತಿ ಬೆಳೆಯುವವನ ಕೈಯಲ್ಲಿ ಕಾಸಿಲ್ಲದ ಕಾಲ, ಬೆಳೆ ಕೈಗೆ ಬರೋದು ಶರತ್ಕಾಲಕ್ಕೆ.

ಇನ್‌ಪುಟ್‌ನಲ್ಲಿ ಬಣ್ಣ ಇಲ್ಲ. ಔಟ್‌ಪುಟ್‌ನಲ್ಲಿ ಬಣ್ಣ ಬಿಟ್ಟು ಬೇರೇನೂ ಇಲ್ಲ. ಡೇಟಾ ಕೆಲಸ ಮಾಡುವ ಗೆಳೆಯರು ಇದನ್ನು 'ಪ್ರಾಕ್ಸಿ' ಅಂತಾರೆ. ಕೇಳಬಾರದ ಪ್ರಶ್ನೆಯನ್ನು ನೇರ ಕೇಳದೆ, ಅದೇ ಉತ್ತರ ಕೊಡುವ ಬೇರೆ ಪ್ರಶ್ನೆ ಕೇಳೋದು.

ಇದು ನಾರ್ತ್ ಕೆರೊಲಿನಾದ ಸ್ವಂತ ಆವಿಷ್ಕಾರವೂ ಅಲ್ಲ. 1890ರಲ್ಲಿ ಮಿಸಿಸಿಪಿ ದಾರಿ ತೋರಿಸಿತ್ತು. ಅಜ್ಜನ ಷರತ್ತನ್ನು 1898ರಲ್ಲಿ ಲೂಸಿಯಾನಾ ತಂದಿತ್ತು. ಅದರ ಫಲಿತಾಂಶದ ಅಂಕಿ ನೋಡಿ: ಲೂಸಿಯಾನಾದಲ್ಲಿ 1896ರಲ್ಲಿ ನೋಂದಾಯಿತ ಕಪ್ಪು ಮತದಾರರು 1,30,334. 1904ರಲ್ಲಿ 1,342. ನೂರಕ್ಕೆ ಒಬ್ಬ ಉಳಿದ.

ಬಡ ಬಿಳಿಯರಿಗಾದರೂ ಲಾಭವಾಯ್ತಾ? ಅಜ್ಜನ ಷರತ್ತು ಓದಿನ ಪರೀಕ್ಷೆಯಿಂದ ಉಳಿಸ್ತು, ತಲೆಗಂದಾಯದಿಂದ ಉಳಿಸಲಿಲ್ಲ. ದಕ್ಷಿಣದುದ್ದಕ್ಕೂ ಬಿಳಿ ಬಡವರ ಮತದಾನವೂ ಇಳಿದುಹೋಯ್ತು. ಫ್ಯೂಷನ್‌ನಲ್ಲಿ ಕಪ್ಪು ಕೂಲಿಯ ಜೊತೆ ನಿಂತಿದ್ದ ರೈತನಿಗೆ ಸಿಕ್ಕ ಬಹುಮಾನ ಇದು.

ಕೋರ್ಟಿಗೆ ಹೋಗಬಹುದಿತ್ತಲ್ಲ?

ಹೋದರು. 1898ರ 'ವಿಲಿಯಮ್ಸ್ ವರ್ಸಸ್ ಮಿಸಿಸಿಪಿ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಾನೂನಿನ ಪಠ್ಯದಲ್ಲಿ ಬಣ್ಣದ ತಾರತಮ್ಯ ಇಲ್ಲ, ಆದ್ದರಿಂದ ಅಡ್ಡಿಯಿಲ್ಲ. 1903ರಲ್ಲಿ ಅಲಬಾಮಾದಿಂದ 'ಜೈಲ್ಸ್ ವರ್ಸಸ್ ಹ್ಯಾರಿಸ್' ಹೋಯಿತು. ಇಡೀ ನೋಂದಣಿ ವ್ಯವಸ್ಥೆಯೇ ಮೋಸ ಅಂತ ಅರ್ಜಿದಾರನ ವಾದ. ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪಿನ ಸಾರ ಕೇಳಿದರೆ ತಲೆ ತಿರುಗುತ್ತೆ. ವ್ಯವಸ್ಥೆಯೇ ಮೋಸ ಅಂತಾದರೆ ನಿನ್ನ ಹೆಸರನ್ನು ಅದೇ ಮೋಸದ ಪಟ್ಟಿಗೆ ಸೇರಿಸಿ ಅಂತ ಕೋರ್ಟ್ ಹೇಗೆ ಹೇಳೋದು? ರಾಜಕೀಯ ಅನ್ಯಾಯಕ್ಕೆ ಪರಿಹಾರ ರಾಜ್ಯದ ಜನರಿಂದ, ಇಲ್ಲವೇ ಶಾಸನಸಭೆ ಸಂಸತ್ತುಗಳಿಂದ ಬರಬೇಕು. ಮತವೇ ಇಲ್ಲದವನು ಮತದ ಮೂಲಕ ಪರಿಹಾರ ಪಡೆಯಬೇಕಂತೆ!

ಅಜ್ಜನ ಷರತ್ತು ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1915ರಲ್ಲಿ, ಒಕ್ಲಹೋಮಾದ ಪ್ರಕರಣದಲ್ಲಿ. ನಾರ್ತ್ ಕೆರೊಲಿನಾದ ಷರತ್ತಿನ ಗಡುವು 1908ಕ್ಕೇ ಮುಗಿದಿತ್ತು. ಬರಬೇಕಾದವರೆಲ್ಲ ಒಳಗೆ ಬಂದಾದ ಮೇಲೆ ಬಾಗಿಲು ತಪ್ಪು ಅಂತ ತೀರ್ಪು ಬಂತು. ಓದಿನ ಪರೀಕ್ಷೆ ಮಾತ್ರ ಹಾಗೇ ಉಳೀತು. 1959ರಲ್ಲಿ, ನಾರ್ತ್ ಕೆರೊಲಿನಾದ ನಾರ್ತಾಂಪ್ಟನ್ ಕೌಂಟಿಯ ಒಬ್ಬ ಕಪ್ಪು ಮಹಿಳೆ ಇದನ್ನು ಪ್ರಶ್ನಿಸಿದಾಗಲೂ ಸುಪ್ರೀಂ ಕೋರ್ಟ್ ಒಮ್ಮತದಿಂದ ಪರೀಕ್ಷೆಯನ್ನು ಎತ್ತಿಹಿಡೀತು. ನಾರ್ತಾಂಪ್ಟನ್, ವೈಟ್ ಪ್ರತಿನಿಧಿಸಿದ್ದ ಕ್ಷೇತ್ರದ್ದೇ ಕೌಂಟಿ. ಕೊನೆಗೆ ಪರೀಕ್ಷೆ ನಿಂತದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ, ಅದೂ ಬೀದಿಯಲ್ಲಿ ರಕ್ತ ಹರಿದ ಮೇಲೆ.

ಇನ್ನೊಂದು ಅಸ್ತ್ರ ಸಂವಿಧಾನದಲ್ಲೇ ಇತ್ತು. 1868ರ 14ನೇ ತಿದ್ದುಪಡಿಯ ಎರಡನೇ ಭಾಗದ ಪ್ರಕಾರ, ಒಂದು ರಾಜ್ಯ ಪ್ರಜೆಗಳ ಮತ ಕಸಿದರೆ ಆ ಲೆಕ್ಕಕ್ಕೆ ಅದರ ಸಂಸತ್ ಸೀಟುಗಳನ್ನು ಕಡಿತ ಮಾಡಬೇಕು. ಯಾಕೆ ಅಂದರೆ, ಸೀಟು ಹಂಚೋದು ಜನಸಂಖ್ಯೆ ಮೇಲೆ. ಮತ ಇಲ್ಲದ ಕಪ್ಪು ಜನರೂ ಆ ಎಣಿಕೆಗೆ ಬರ್ತಾರೆ. ಗುಲಾಮಗಿರಿಯ ಕಾಲದಲ್ಲಿ ಐದು ಗುಲಾಮರನ್ನು ಮೂರು ಅಂತ ಎಣಿಸ್ತಿದ್ದರು. ಈಗ ಐದಕ್ಕೆ ಐದೂ ಎಣಿಕೆ, ಆದರೆ ಮತ ಸೊನ್ನೆ. ಅಂದರೆ ಅವರ ತಲೆಗಳ ಬಲದಿಂದ ಸೀಟು ಪಡೆದು, ಆ ಸೀಟಿನಲ್ಲಿ ಅವರ ವಿರೋಧಿಗಳೇ ಕೂರುವುದು. ಈ ವಾದವನ್ನು ವೈಟ್ ಸದನದಲ್ಲಿ ಎತ್ತಿದ್ದರು. ಸೀಟು ಕಡಿತದ ಆ ನಿಯಮ ಯಾವ ದಕ್ಷಿಣ ರಾಜ್ಯದ ಮೇಲೂ ಜಾರಿಯಾಗಲಿಲ್ಲ.

ಮತ ಹೋದರೆ ಜೀವಕ್ಕೂ ಕಾವಲಿಲ್ಲ

ಮತದ ಹಕ್ಕನ್ನು ಒಂದು ಗೌರವದ ವಿಷಯ ಅಂತಷ್ಟೇ ನೋಡೋರಿಗೆ ವೈಟ್ ಅವರ ಇನ್ನೊಂದು ಕೆಲಸ ತೋರಿಸಬೇಕು. 1900ರ ಜನವರಿ 20ರಂದು ಅವರು ಒಂದು ಮಸೂದೆ ಮಂಡಿಸಿದರು. ಗುಂಪುಹತ್ಯೆಯನ್ನು ಕೇಂದ್ರ ಸರ್ಕಾರವೇ ಶಿಕ್ಷಿಸಬೇಕಾದ, ದೇಶದ್ರೋಹಕ್ಕೆ ಸಮನಾದ ಅಪರಾಧ ಮಾಡಬೇಕು ಅಂತ. ಅಮೆರಿಕದ ಸಂಸತ್ತಿನಲ್ಲಿ ಗುಂಪುಹತ್ಯೆಯನ್ನು ಕೇಂದ್ರದ ಅಪರಾಧವಾಗಿಸಲು ಬಂದ ಮೊದಲ ಮಸೂದೆ ಅದು.

ವಕೀಲರಾಗಿ ಅವರಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ಕೊಲೆ ರಾಜ್ಯದ ವಿಷಯ. ರಾಜ್ಯದಲ್ಲಿ ಅಭಿಯೋಜಕ, ನ್ಯಾಯಾಧೀಶ, ಶೆರಿಫ್ ಎಲ್ಲರೂ ಚುನಾವಣೆಯ ಅಥವಾ ಶಾಸನಸಭೆಯ ಕೃಪೆಯಿಂದ ಬರೋರು. ಜ್ಯೂರಿ ಸ್ಥಳೀಯರದು. ಕಪ್ಪು ಜನರಿಗೆ ಮತವಿಲ್ಲದಿದ್ದರೆ ಇವರ್ಯಾರಿಗೂ ಅವರ ಹಂಗಿಲ್ಲ. ಸತ್ತವನ ಕಡೆಯವರಿಗೆ ದೂರು ಕೊಡೋಕೆ ಠಾಣೆಯಿರುತ್ತೆ, ಕೇಳೋರಿರಲ್ಲ. ಎಂಟು ವರ್ಷ ತಾವೇ ಅಭಿಯೋಜಕರಾಗಿದ್ದವರು ಇದನ್ನು ಬಲ್ಲರು. ಹಾಗಾಗಿ, ಸತ್ತವನು ಅಮೆರಿಕದ ಪ್ರಜೆ, ಅವನನ್ನು ಕಾಯಬೇಕಾದ್ದು ಅಮೆರಿಕದ ಸರ್ಕಾರ ಅಂತ ಅವರ ವಾದ.

ಮಸೂದೆ ನ್ಯಾಯಾಂಗ ಸಮಿತಿಗೆ ಹೋಗಿ ಅಲ್ಲೇ ಸತ್ತಿತು. ಆಮೇಲೆ ಸುಮಾರು 200 ಇಂಥ ಮಸೂದೆಗಳು ಬಂದವು. 1922ರಲ್ಲಿ ಡಯರ್ ಮಸೂದೆ ಪ್ರತಿನಿಧಿ ಸಭೆಯಲ್ಲಿ ಪಾಸಾಯ್ತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಮಾತು ಮುಗಿಸದೆ ಎಳೆದು ಎಳೆದು ಅದನ್ನು ಕೊಂದರು. 1937 ಮತ್ತು 1940ರಲ್ಲೂ ಕೆಳಮನೆಯಲ್ಲಿ ಪಾಸಾಗಿ ಸೆನೆಟ್ ದಾಟಲಿಲ್ಲ. 1882ರಿಂದ 1968ರವರೆಗೆ ದಾಖಲಾದ ಗುಂಪುಹತ್ಯೆಗಳು 4,742. 2005ರಲ್ಲಿ ಸೆನೆಟ್ ಕ್ಷಮೆ ಕೇಳಿತು. ಗುಂಪುಹತ್ಯೆ ಕೇಂದ್ರದ ಅಪರಾಧವಾದದ್ದು 2022ರ ಮಾರ್ಚ್ 29ರಂದು, ಎಮ್ಮೆಟ್ ಟಿಲ್ ಹೆಸರಿನ ಕಾಯ್ದೆಯಿಂದ. ವೈಟ್ ಮಸೂದೆಗೂ ಇದಕ್ಕೂ ನಡುವೆ 122 ವರ್ಷ.

ಕೊನೆಯ ಭಾಷಣದ ಲೆಕ್ಕಪತ್ರ

1900ರಲ್ಲಿ ವೈಟ್ ಮತ್ತೆ ಸ್ಪರ್ಧಿಸಲಿಲ್ಲ. ನಾರ್ತ್ ಕೆರೊಲಿನಾದಲ್ಲಿ ಇದ್ದುಕೊಂಡು ಮನುಷ್ಯನಾಗಿ ಬಾಳೋಕೆ, ಮನುಷ್ಯನಂತೆ ನಡೆಸಿಕೊಳ್ಳಿಸಿಕೊಳ್ಳೋಕೆ ಸಾಧ್ಯವಿಲ್ಲ ಅಂತ ಪತ್ರಿಕೆಗೆ ಹೇಳಿದರು. ಅವರ ಅವಧಿ ಮುಗಿದಾಗ ರಾಜ್ಯದ ಶಾಸನಸಭೆಯಲ್ಲಿ ಒಬ್ಬ ಸದಸ್ಯ ಎದ್ದು, ಇನ್ನು ಈ ರಾಜ್ಯದಿಂದ ಯಾವ ಕಪ್ಪು ಮನುಷ್ಯನೂ ರಾಷ್ಟ್ರದ ಸಭೆಯಲ್ಲಿ ಕೂರಲ್ಲ ಅಂತ ಸಂಭ್ರಮಿಸಿದ.

ಆ ವಿದಾಯ ಭಾಷಣದಲ್ಲಿ ಎಲ್ಲರೂ ನೆನಪಿಡೋದು ಫೀನಿಕ್ಸ್ ಮಾತನ್ನು. ನನ್ನನ್ನು ಹಿಡಿದದ್ದು ಅದಕ್ಕೂ ಮೊದಲು ಬರುವ ಅಂಕಿಗಳು. ಗುಲಾಮಗಿರಿ ಹೋಗಿ ಮೂವತ್ತೈದು ವರ್ಷದಲ್ಲಿ ತಮ್ಮ ಜನ ಏನು ಮಾಡಿದರು ಅಂತ ಮೇಷ್ಟ್ರು ಹಾಜರಿ ಕೂಗಿದ ಹಾಗೆ ಅವರು ಪಟ್ಟಿ ಕೊಟ್ಟರು. ಅನಕ್ಷರತೆ ಶೇಕಡಾ 45ರಷ್ಟು ಇಳಿದಿದೆ. ಸುಮಾರು 500 ಪುಸ್ತಕ, ನೂರಾರು ಪತ್ರಿಕೆ. 2,000ಕ್ಕೂ ಹೆಚ್ಚು ವಕೀಲರು, ಅಷ್ಟೇ ವೈದ್ಯರು. 32,000 ಶಿಕ್ಷಕರು. 1,40,000 ಹೊಲ ಮನೆಗಳು.

ಈ ಪಟ್ಟಿಯನ್ನು ಅಜ್ಜನ ಷರತ್ತಿನ ಪಕ್ಕ ಇಟ್ಟು ಓದಿ. 'ಇವರಿಗೆ ಓದು ಬರಲ್ಲ, ಅದಕ್ಕೆ ಮತ ಬೇಡ' ಅನ್ನೋದು ಹೊರಗಿನ ಮಾತು. ಓದು ಬಾರದಿರೋದೇ ಸಮಸ್ಯೆಯಾಗಿದ್ದರೆ ಓದು ಬಾರದ ಬಿಳಿಯನಿಗೆ ವಿನಾಯಿತಿ ಯಾಕೆ? ಕಪ್ಪು ಮಕ್ಕಳು ಓದಲು ಕಲೀತಿದ್ದರು, ಜಮೀನು ಕೊಳ್ತಿದ್ದರು, ಬಡ ಬಿಳಿಯರ ಜೊತೆ ಸೇರಿ ಸರ್ಕಾರ ಬದಲಿಸೋದನ್ನೂ ಕಲಿತಿದ್ದರು. ಹೆದರಿಕೆ ಹುಟ್ಟಿದ್ದು ಅವರ ಅನಕ್ಷರತೆಯಿಂದಲ್ಲ, ಅಕ್ಷರದಿಂದ. ವೈಟ್ ಇಪ್ಪತ್ತು ವರ್ಷ ಕಟ್ಟಿದ ಏಣಿಯನ್ನೇ ಅವರ ಜನರ ಬಾಗಿಲಿಗೆ ಅಗುಳಿಯಾಗಿ ಹಾಕಿದರು.

ಮುಂದೆ ಅವರು ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್‌ನಲ್ಲೂ, 1906ರಿಂದ ಫಿಲಡೆಲ್ಫಿಯಾದಲ್ಲೂ ವಕೀಲಿಕೆ ಮಾಡಿದರು. ದಕ್ಷಿಣದಿಂದ ಓಡಿಬಂದ ಕಪ್ಪು ಕುಟುಂಬಗಳಿಗೆ ನೆಲೆ ಬೇಕು ಅಂತ ನ್ಯೂ ಜೆರ್ಸಿಯ ಕೇಪ್ ಮೇ ಕೌಂಟಿಯಲ್ಲಿ ಸುಮಾರು 1,700 ಎಕರೆ ಕೊಂಡ ಕಂಪನಿ ಕಟ್ಟಿದರು. ಆ ಊರು ಇವತ್ತಿಗೂ ಇದೆ, ಹೆಸರು ವೈಟ್ಸ್‌ಬೊರೊ. ಫಿಲಡೆಲ್ಫಿಯಾದಲ್ಲಿ ಮನೆ ಕಟ್ಟುವ ಸಾಲ ಸಿಗದ ತಮ್ಮವರಿಗಾಗಿ ಉಳಿತಾಯ ಬ್ಯಾಂಕ್ ನಡೆಸಿದರು. 1918ರ ಡಿಸೆಂಬರ್ 28ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. 'ತಾತ್ಕಾಲಿಕ' ಅನ್ನೋದು ಎಷ್ಟು ದಿನ ಅಂತ ನೋಡೋಕೆ ಅವರಿಗೆ ಆಗಲಿಲ್ಲ.

ಮೂರು ಪ್ರಶ್ನೆ

ಇದು ಬೇರೆ ದೇಶದ ಹಳೇ ಕಥೆ. ಆದರೆ ಕಾನೂನು ಓದುವ ಒಂದು ವಿಧಾನವನ್ನು ಇದು ನನಗೆ ಕಲಿಸಿದೆ. ಎಲ್ಲರಿಗೂ ಒಂದೇ ನಿಯಮ ಅಂತ ಹೇಳುವ ಯಾವುದೇ ನಿಯಮ ಎದುರಾದಾಗ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಬರೆದಿರುವ ತಾರೀಖು ಯಾಕೆ ಅದೇ ತಾರೀಖು? ಇದು ಕೇಳುವ ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿ ಸುಲಭವಾಗಿ ಸಿಗುತ್ತೆ, ಯಾರ ಮನೆಯಲ್ಲಿ ಪೆಟ್ಟಿಗೆಯೇ ಇಲ್ಲ? ಪಾಸು ಫೇಲು ಹೇಳುವ ಅಧಿಕಾರಿಯನ್ನು ಕೂರಿಸಿದವರು ಯಾರು, ಅವನ ತೀರ್ಮಾನ ತಪ್ಪಾದರೆ ಕೇಳೋದು ಎಲ್ಲಿ? ನಿಯಮದ ಉದ್ದೇಶ ಏನು ಅಂತ ಬರೆದವರನ್ನು ಕೇಳಿದರೆ ಒಳ್ಳೆಯ ಉತ್ತರವೇ ಸಿಗುತ್ತೆ. ನಾರ್ತ್ ಕೆರೊಲಿನಾದಲ್ಲೂ ಚುನಾವಣೆ ಶುದ್ಧವಾಗಲಿ, ಮತದಾರ ವಿದ್ಯಾವಂತನಾಗಲಿ ಅಂತಲೇ ಅಂದಿದ್ದರು.

1970ರಲ್ಲಿ ನಾರ್ತ್ ಕೆರೊಲಿನಾದ ಜನರ ಮುಂದೆ ಒಂದು ಪ್ರಶ್ನೆ ಇಟ್ಟರು. ಜಾರಿಯಲ್ಲೇ ಇಲ್ಲದ ಆ ಓದಿನ ಪರೀಕ್ಷೆಯ ಸಾಲನ್ನು ರಾಜ್ಯದ ಸಂವಿಧಾನದಿಂದ ಅಳಿಸೋಣವೇ ಅಂತ. ಬೇಡ ಅಂದವರೇ ಗೆದ್ದರು. ವೈಟ್ ಅವರ ಮಸೂದೆಗೆ ಉತ್ತರ ಸಿಕ್ಕ 2022ರಲ್ಲೂ ಆ ಸಾಲು ಅಲ್ಲೇ ಇತ್ತು.